ಮನಸ್ಸು ಕೆಟ್ಟ ಸಂಜೆಯೂ ಅತಿಯಾಗಿ ತಿನ್ನುವ ಕೈಯೂ: ಬಿಂಜ್ ಈಟಿಂಗ್ ಬಿಡಿಸಿಕೊಳ್ಳಲು ಹಂತ ಹಂತದ ಮಾರ್ಗದರ್ಶಿ

"ನಾಳೆಯಿಂದ ಬಾಯಿ ಕಟ್ಟುತ್ತೇನೆ" ಎಂದು ರಾತ್ರಿ ಹನ್ನೊಂದಕ್ಕೆ ಮಾಡಿದ ಶಪಥ ಮರುದಿನ ಸಂಜೆ ಏಳಕ್ಕೆ ಮುರಿದುಬೀಳುತ್ತದೆ. ಮತ್ತೆ ಶಪಥ, ಮತ್ತೆ ಅದೇ ಸಂಜೆ. ನಾಲಿಗೆ ಚಪಲ, ಮನಸ್ಸು ಗಟ್ಟಿಯಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುವವರು ಬಹಳ. ನಿಜಕ್ಕೂ ಎಡವುವುದು ಕೆಲಸದ ಅನುಕ್ರಮದಲ್ಲಿ. ಕೆಲವರು ಹೊಟ್ಟೆ ಹಸಿದಿರುವಾಗಲೇ ಮನಸ್ಸನ್ನು ಸರಿಮಾಡಲು ಹೊರಡುತ್ತಾರೆ. ಇನ್ನು ಕೆಲವರು ಒಳಗಿನ ಜಗಳವನ್ನು ಹಾಗೇ ಬಿಟ್ಟು ತಟ್ಟೆಯನ್ನಷ್ಟೇ ಚಿಕ್ಕದು ಮಾಡುತ್ತಾರೆ. ಎರಡೂ ಹೆಚ್ಚು ದಿನ ನಿಲ್ಲುವುದಿಲ್ಲ.

ಇಲ್ಲಿರುವ ಕ್ರಮದ ಮೂಲ ಎರಡು ಮಾತಿನ ಚಿಕಿತ್ಸೆಗಳು: ತಿನ್ನುವ ಅಭ್ಯಾಸವನ್ನು ತಿದ್ದುವ ಸಿಬಿಟಿ, ಸಂಬಂಧಗಳ ಮೇಲೆ ಕೆಲಸ ಮಾಡುವ ಐಪಿಟಿ. ಒಟ್ಟು ಸುಮಾರು 4 ತಿಂಗಳು ಇಟ್ಟುಕೊಳ್ಳಿ. ಒಂದು ಹಂತ ಕಾಲೂರುವ ಮೊದಲೇ ಮುಂದಿನದಕ್ಕೆ ಜಿಗಿಯಬೇಡಿ. ಸಂಬಂಧದ ಮಾತು 6ನೇ ಹಂತದಲ್ಲಿ ಬರುತ್ತದೆ. ಅದನ್ನೇ ಮೊದಲು ಓದಿ ಅದೇ ರಾತ್ರಿ ಜಗಳ ತೆಗೆದರೆ ಫಲ ಏನೆಂದು ಊಹಿಸುವುದು ಕಷ್ಟವಲ್ಲ.

## ಇದು ಬಿಂಜ್ ಹೌದೇ?

ರುಚಿಯಾಗಿತ್ತೆಂದು ಎರಡು ತುತ್ತು ಹೆಚ್ಚು ತಿಂದರೆ ಅದು ಬಿಂಜ್ ಅಲ್ಲ. ಎರಡು ಗುರುತುಗಳನ್ನು ನೋಡಿ. ಒಂದು, ಸುಮಾರು 2 ಗಂಟೆಯೊಳಗೆ, ಅಂಥ ಸಂದರ್ಭದಲ್ಲಿ ಬೇರೆಯವರು ತಿನ್ನುವುದಕ್ಕಿಂತ ಎದ್ದುಕಾಣುವಷ್ಟು ಹೆಚ್ಚು ತಿಂದಿರಬೇಕು. ಎರಡು, "ನಿಲ್ಲಿಸಬೇಕು ಅನ್ನಿಸ್ತಿದೆ, ಕೈ ನಿಲ್ತಿಲ್ಲ" ಎಂಬಂತೆ ಹಿಡಿತ ತಪ್ಪಿರಬೇಕು. ಗಬಗಬ ತಿನ್ನುವುದು, ಹಸಿವಿಲ್ಲದೆ ತಿನ್ನುವುದು, ಹೊಟ್ಟೆ ಬಿರಿಯುವವರೆಗೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತಮ್ಮ ಮೇಲೆಯೇ ಅಸಹ್ಯಪಡುವುದು, ಈ 5ರಲ್ಲಿ 3 ಇದ್ದು, ವಾರಕ್ಕೊಮ್ಮೆಯಾದರೂ 3 ತಿಂಗಳು ನಡೆದು, ಅದರಿಂದ ತೀವ್ರ ಸಂಕಟವಾಗುತ್ತಿದ್ದರೆ ಅಮೆರಿಕದ ಮನೋವೈದ್ಯರ ಸಂಘದ 2013ರ ಡಿಎಸ್‌ಎಂ-5 ಕೈಪಿಡಿ ಅದನ್ನು ಪ್ರತ್ಯೇಕ ಕಾಯಿಲೆಯೆಂದೇ ಪಟ್ಟಿಮಾಡುತ್ತದೆ. ತಿಂದ ಪ್ರಮಾಣ ಅಷ್ಟೇನೂ ದೊಡ್ಡದಲ್ಲದಿದ್ದರೂ ಹಿಡಿತ ತಪ್ಪಿತ್ತು ಎಂದಾದರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಅದನ್ನೂ ಬಿಂಜ್ ಎಂದೇ ಎಣಿಸುತ್ತದೆ. ದೇಹದ ತೂಕ ಇದಕ್ಕೆ ಅಳತೆಗೋಲಲ್ಲ. ತೆಳ್ಳಗಿರುವವರಿಗೂ ಇದು ಬರುತ್ತದೆ.

## ಒಬ್ಬರೇ ಶುರುಮಾಡಬಾರದವರು

ಕೆಳಗಿನವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರ ಬಳಿ ಹೋಗಿ. ಹಂತಗಳು ಆಮೇಲೆ.

- ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಭೇದಿ ಮಾತ್ರೆ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವುದು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ಏರುಪೇರಾಗಬಹುದು. ಭೇದಿ ಮಾತ್ರೆಯಿಂದ ತೂಕ ಇಳಿಯುತ್ತದೆಂಬುದೂ ಭ್ರಮೆ. ಅದು ಕೆಲಸ ಮಾಡುವುದು ಮುಖ್ಯವಾಗಿ ದೊಡ್ಡ ಕರುಳಿನಲ್ಲಿ, ಆಹಾರದ ಸಾರ ಅಷ್ಟರೊಳಗೆ ಸಣ್ಣ ಕರುಳಿನಲ್ಲೇ ದೇಹ ಸೇರಿರುತ್ತದೆ. ಹೋಗುವುದು ನೀರು ಮತ್ತು ಲವಣ.
- ತೂಕ ತೀರಾ ಕಡಿಮೆಯಿರುವುದು ಅಥವಾ ಸರಸರನೆ ಇಳಿಯುತ್ತಿರುವುದು, ತಲೆಸುತ್ತಿ ಬೀಳುವುದು, ಎದೆ ಡವಗುಟ್ಟುವುದು.
- ಮಧುಮೇಹವಿದ್ದು, ತೂಕಕ್ಕೆ ಹೆದರಿ ಇನ್ಸುಲಿನ್ ಬಿಡುವುದು ಅಥವಾ ಕಡಿಮೆ ಮಾಡುವುದು.
- ಗರ್ಭಿಣಿಯರು, 18 ತುಂಬದವರು.
- ಸಾಯುವ ಅಥವಾ ತಮ್ಮನ್ನು ಗಾಯಮಾಡಿಕೊಳ್ಳುವ ಯೋಚನೆ ಬರುತ್ತಿರುವವರು.

ಬಿಂಜ್ ಆದ ಮೇಲೆ ಹೊಟ್ಟೆ ಉಬ್ಬಿ ಸಹಿಸಲಾಗದ ನೋವು ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ. ತುರ್ತು ಚಿಕಿತ್ಸೆಗೆ ಹೋಗಿ.

## ಬೇಕಾದ ಸಾಮಾನು

ಜೇಬಿನಲ್ಲಿ ಹಿಡಿಸುವ ಪುಟ್ಟ ನೋಟ್‌ಬುಕ್, ಪೆನ್, ಅಲಾರಂ ಇರುವ ಫೋನ್. ಅಷ್ಟೇ. ಕ್ಯಾಲೊರಿ ಎಣಿಸುವ ಆ್ಯಪ್ ಇದ್ದರೆ ತೆಗೆದುಹಾಕಿ. ಈ ಕೆಲಸದಲ್ಲಿ ಅದು ಶತ್ರುವಿನ ಕಡೆಯದು. ತೂಕದ ಯಂತ್ರವನ್ನು ವಾರಕ್ಕೆ ಒಂದೇ ದಿನ, ಒಂದೇ ಹೊತ್ತಿಗೆ ಹತ್ತಿ. ದಿನದಿನದ ಏರಿಳಿತದಲ್ಲಿ ಬಹುಪಾಲು ನೀರಿನದು. ಆ ಅಂಕಿ ನೋಡಿ ಬೆಳಗ್ಗೆ ಕೆಟ್ಟ ಮೂಡ್ ಸಂಜೆಯವರೆಗೆ ಹೋಗುವುದಿಲ್ಲ.

## ಹಂತ 1: ಆಗಿಂದಾಗ ಬರೆಯುವುದು (1ನೇ ವಾರ)

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೇ. ಪುಟಕ್ಕೆ 5 ಕಾಲಂ ಎಳೆಯಿರಿ: ಗಂಟೆ; ತಿಂದದ್ದು, ಕುಡಿದದ್ದು; ಎಲ್ಲಿ, ಯಾರ ಜೊತೆ; ಹಿಡಿತ ತಪ್ಪಿತ್ತೇ (ತಪ್ಪಿದ್ದರೆ ಒಂದು ನಕ್ಷತ್ರ); ಆಗ ನಡೆಯುತ್ತಿದ್ದದ್ದು, ಮನಸ್ಸಿನಲ್ಲಿ ಇದ್ದದ್ದು. ತೂಕ, ಗ್ರಾಂ, ಕ್ಯಾಲೊರಿ ಯಾವುದೂ ಬೇಡ.

ಎಲ್ಲರೂ ಹಾಳುಮಾಡಿಕೊಳ್ಳುವುದು ಕೊನೆಯ ಕಾಲಂ ಅನ್ನು. "ಟೆನ್ಷನ್", "ಮೂಡ್ ಆಫ್" ಎಂದು ಬರೆದರೆ ಮುಂದೆ ಅದರಿಂದ ಏನೂ ಸಿಗುವುದಿಲ್ಲ. ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ: ಅವರು ಏನಂದರು, ನೀವು ಏನಂದಿರಿ, ಅನ್ನಬೇಕೆಂದು ನುಂಗಿಕೊಂಡದ್ದೇನು. ತಿನ್ನದಿದ್ದ ಹೊತ್ತಿನಲ್ಲಿ ಮನಸ್ಸಿಗೆ ನಾಟಿದ ಘಟನೆಯನ್ನೂ ಗಂಟೆ ಹಾಕಿ ಬರೆಯಿರಿ.

ಇನ್ನೊಂದು ತಪ್ಪು, ರಾತ್ರಿ ಮಲಗುವಾಗ ಇಡೀ ದಿನದ್ದನ್ನು ನೆನಪು ಮಾಡಿಕೊಂಡು ಬರೆಯುವುದು. ಅಷ್ಟು ಹೊತ್ತಿಗೆ ಅಪರಾಧಿ ಭಾವ ಎಲ್ಲ ನೆನಪಿಗೂ ಒಂದೇ ಬಣ್ಣ ಬಳಿದಿರುತ್ತದೆ. ಬಿಂಜ್ ಆದ ದಿನ ನಾಚಿಕೆಯಿಂದ ಪುಟ ಖಾಲಿ ಬಿಡುವುದು ಮೂರನೆಯ ತಪ್ಪು. ನಿಮಗೆ ಬೇಕಿರುವುದೇ ಆ ಪುಟ. ಚುಟುಕಾಗಿಯಾದರೂ ಬರೆಯಿರಿ.

## ಹಂತ 2: ಹೊತ್ತಿಗೆ ಸರಿಯಾಗಿ ತಿನ್ನುವುದು (2ರಿಂದ 4ನೇ ವಾರ)

ಸಂಬಂಧದ ನೋವಿಗೂ ಊಟದ ಹೊತ್ತಿಗೂ ಏನು ಸಂಬಂಧ ಎಂದು ಈ ಹಂತವನ್ನು ಹಾರಿಸುವವರು ಹೆಚ್ಚು. ಹಾರಿಸಿದವರು ಮುಂದೆಲ್ಲೋ ಮುಗ್ಗರಿಸಿ ಇಲ್ಲಿಗೇ ವಾಪಸ್ ಬರುತ್ತಾರೆ. ಕಾರಣ ಸರಳ. ದಿನವಿಡೀ ಬಾಯಿ ಕಟ್ಟಿದ ದೇಹಕ್ಕೆ ಸಂಜೆಯ ಹೊತ್ತಿಗೆ ತಿನ್ನುವ ಒತ್ತಡ ಏರಿ ಕೂತಿರುತ್ತದೆ. ಆಗ ಒಂದು ಸಣ್ಣ ಚುಚ್ಚುಮಾತು ಸಾಕು, ಕಟ್ಟೆ ಒಡೆಯುತ್ತದೆ. ಅದೇ ಮಾತು ಹೊಟ್ಟೆ ತುಂಬಿದ್ದಾಗ ಬಂದಿದ್ದರೆ ಬರೀ ಬೇಜಾರಾಗಿ ಮುಗಿಯುತ್ತಿತ್ತು.

ದಿನಕ್ಕೆ 3 ಊಟ, ನಡುವೆ 2ರಿಂದ 3 ಸಣ್ಣ ತಿಂಡಿ. ಎರಡರ ನಡುವಿನ ಅಂತರ 4 ಗಂಟೆ ದಾಟಬಾರದು. ಬೆಳಗ್ಗೆ ಎದ್ದ ಸುಮಾರು ಒಂದು ಗಂಟೆಯೊಳಗೆ ಮೊದಲನೆಯದು. ಮುಂದಿನದು ಯಾವಾಗ, ಏನು ಎಂಬುದು ಯಾವ ಹೊತ್ತಿನಲ್ಲಿ ಕೇಳಿದರೂ ನಿಮಗೆ ಗೊತ್ತಿರಬೇಕು. ಅದಕ್ಕೇ ಅಲಾರಂ. ಏನು ತಿನ್ನಬೇಕೆಂಬ ಚರ್ಚೆ ಈಗ ಬೇಡ, ಯಾವಾಗ ಎಂಬುದಷ್ಟೇ. ಹಸಿವಾದಾಗ ತಿನ್ನುತ್ತೇನೆ ಎಂಬ ಲೆಕ್ಕವೂ ಸದ್ಯಕ್ಕೆ ನಡೆಯದು. ಬಹುದಿನ ಬಿಂಜ್ ಮಾಡಿದವರಿಗೆ ಹಸಿವು, ತೃಪ್ತಿಯ ಸೂಚನೆಗಳೇ ಹದ ತಪ್ಪಿರುತ್ತವೆ.

ದಿನವಿಡೀ ಅಸ್ತವ್ಯಸ್ತವಿದ್ದರೆ ಒಂದೇ ಸಲ ಸರಿಮಾಡಬೇಡಿ. ಬೆಳಗಿನ ಭಾಗವನ್ನು ಮೊದಲು ಹಿಡಿಯಿರಿ, ಅದು ರೂಢಿಯಾದ ಮೇಲೆ ಮಧ್ಯಾಹ್ನ, ಕೊನೆಗೆ ಸಂಜೆ.

ನಿಯಮ ಮುರಿಯುವುದು ಬಿಂಜ್ ಆದ ಮರುದಿನ. ರಾತ್ರಿ ಅಷ್ಟು ತಿಂದಿದ್ದೇನೆ, ಬೆಳಗ್ಗೆ ಯಾಕೆ ಎಂದು ಊಟ ಬಿಡುತ್ತಾರೆ. ಸಂಜೆಯ ಬಿಂಜ್‌ಗೆ ಬೀಜ ಬೀಳುವುದು ಅಲ್ಲೇ. ರಾತ್ರಿ ಏನೇ ಆಗಿರಲಿ, ಬೆಳಗಿನದನ್ನು ಹೊತ್ತಿಗೆ ತಿನ್ನಿ. ತೂಕ ಏರಿಬಿಡುತ್ತದೆಂಬ ಭಯವಿದ್ದರೆ ವಾರದ ತೂಕವನ್ನು ಬರೆದಿಟ್ಟು 4 ವಾರ ನೋಡಿ, ಮಧ್ಯದಲ್ಲಿ ತೀರ್ಪು ಬೇಡ. ಬಿಂಜ್ ಕಡಿಮೆಯಾದಷ್ಟೂ ಅದು ತರುತ್ತಿದ್ದ ಹೆಚ್ಚುವರಿ ಆಹಾರವೂ ಕಡಿಮೆಯಾಗುತ್ತದೆ.

## ಹಂತ 3: ಉಳಿದ ಬಿಂಜ್‌ಗಳನ್ನು ವಿಂಗಡಿಸುವುದು (5ನೇ ವಾರ)

ಹೊತ್ತಿನ ಊಟ ರೂಢಿಯಾದ ಮೇಲೆ ಎಷ್ಟೋ ನಕ್ಷತ್ರಗಳು ತಾವಾಗಿಯೇ ಮಾಯವಾಗುತ್ತವೆ. ಉಳಿದ ಒಂದೊಂದರ ಎದುರೂ ಕೇಳಿಕೊಳ್ಳಿ: ಅಂತರ 4 ಗಂಟೆ ದಾಟಿತ್ತೇ? ನಾನೇ ಹಾಕಿಕೊಂಡ "ಇದನ್ನು ಮುಟ್ಟಲೇಬಾರದು" ಎಂಬ ನಿಯಮ ಮುರಿದು, "ಹಾಳಾಗಿದ್ದು ಹಾಳಾಯ್ತು, ಇವತ್ತೊಂದಿನ ತಿಂದುಬಿಡೋಣ" ಎನ್ನಿಸಿತೇ? ಮದ್ಯ ಕುಡಿದಿದ್ದೆನೇ, ನಿದ್ದೆ ಕೆಟ್ಟಿತ್ತೇ? ಮೂರಕ್ಕೂ ಇಲ್ಲ ಎಂದಾದರೆ ಅದು ಮನಸ್ಸಿನ ಕಡೆಯಿಂದ ಬಂದದ್ದು. ಹಲವು ಸಲ ಎರಡು ಕಾರಣ ಕೂಡಿರುತ್ತವೆ, ಎರಡನ್ನೂ ಬರೆಯಿರಿ.

ಮನಸ್ಸಿನ ಕಡೆಯ ಬಿಂಜ್‌ಗೆ ಹಿಂದಕ್ಕೆ ಹೆಜ್ಜೆ ಗುರುತು ಹುಡುಕಬೇಕು. ಒಂದು ಪುಟ ಹೀಗಿರುತ್ತದೆ ಎಂದಿಟ್ಟುಕೊಳ್ಳಿ:

1:15, ಊಟ, ಕಚೇರಿಯಲ್ಲಿ.
4:30, ತಿಂಡಿ.
5:10, ಅಕ್ಕನ ಫೋನ್. "ಅಮ್ಮನ್ನ ನೋಡ್ಕೊಳ್ಳೋದೆಲ್ಲ ನನ್ನ ತಲೆಗೇ ಬಂತು. ನಿನಗೇನು, ಆರಾಮಾಗಿದ್ದೀಯ" ಅಂದಳು. "ಹ್ಞೂಂ" ಅಂದೆ.
7:00, ಮನೆ. ಊಟ ಮಾಡಿದೆ. ಯಾರೂ ಹೆಚ್ಚು ಮಾತಾಡಲಿಲ್ಲ.
8:20, ಫ್ರಿಜ್ ಬಾಗಿಲು ತೆರೆದು ನಿಂತುಕೊಂಡೇ ತಿಂದೆ. ನಕ್ಷತ್ರ. "ಯಾಕೆಂದು ಗೊತ್ತಿಲ್ಲ."

ಗಂಟೆ ಹಾಕಿರದಿದ್ದರೆ ಇದನ್ನು ಬರೆದವರು 8:20ರ ಫ್ರಿಜ್ಜನ್ನೇ ದೂರುತ್ತಿದ್ದರು. ಕಾರಣ ಕೂತಿರುವುದು 5:10ರ "ಹ್ಞೂಂ"ನಲ್ಲಿ. ಅದರ ಹಿಂದೆ ಸಿಟ್ಟೂ ಇತ್ತು, ಅಕ್ಕ ಹೇಳುವುದರಲ್ಲಿ ಸುಳ್ಳಿಲ್ಲ ಎಂಬ ಅಳುಕೂ ಇತ್ತು. ಎರಡೂ ಹೊರಬರಲಿಲ್ಲ. ದೊಡ್ಡ ಜಗಳಗಳಿಗಿಂತ ಹೀಗೆ ಗಂಟಲಲ್ಲಿ ಸಿಕ್ಕಿಕೊಂಡ ಮಾತುಗಳೇ ಪುಟಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಆದ್ದರಿಂದ ಪ್ರತಿ ನಕ್ಷತ್ರದಿಂದ ಕನಿಷ್ಠ 6 ಗಂಟೆ ಹಿಂದಕ್ಕೆ ಓದಿ. ಅಲ್ಲಿ ಏನೂ ಸಿಗದಿದ್ದರೆ ಹಿಂದಿನ ದಿನದ ಪುಟ ತಿರುಗಿಸಿ.

## ಹಂತ 4: ಮೂಡ್‌ಗೆ ಸರಿಯಾದ ಹೆಸರು ಕೊಡುವುದು

ಬಿಂಜ್ ಮಾಡುವ ಕೆಲಸವೇನು? ಗಮನವನ್ನು ಬಾಯಿ, ಕೈ, ರುಚಿಯಷ್ಟಕ್ಕೆ ಕುಗ್ಗಿಸುತ್ತದೆ. ಅಷ್ಟು ಹೊತ್ತು ಅಕ್ಕನೂ ಇಲ್ಲ, ಅಮ್ಮನೂ ಇಲ್ಲ, ತಾನೂ ಇಲ್ಲ. ಮುಗಿದ ಕೂಡಲೇ ಹಳೆಯ ನೋವಿನ ಮೇಲೆ ನಾಚಿಕೆ ಸೇರಿಕೊಳ್ಳುತ್ತದೆ. ಅಂದರೆ ಸಾಲ ತೀರಿಸಲು ಇನ್ನೂ ಹೆಚ್ಚಿನ ಬಡ್ಡಿಗೆ ಸಾಲ ಎತ್ತಿದ ಹಾಗೆ.

ಒಂದೊಂದು ಭಾವಕ್ಕೂ ಬೇಕಾದ್ದು ಬೇರೆ ಬೇರೆ. ಅದಕ್ಕೇ ಹೆಸರು ಮುಖ್ಯ. ಸಿಟ್ಟಿಗೆ ಮಾತು ಬೇಕು, ಕೆಲವು ಸಲ ಮೊದಲು ನಡಿಗೆ ಬೇಕು. ಒಂಟಿತನಕ್ಕೆ ಇನ್ನೊಬ್ಬರ ದನಿ ಬೇಕು. ಬೇಜಾರಿಗೆ ಕೈಗೆ ಕೆಲಸ. ಸುಸ್ತಿಗೆ ನಿದ್ದೆ. ಅವಮಾನಕ್ಕೆ, ಬಯ್ಯದೆ ಕೇಳಿಸಿಕೊಳ್ಳುವ ಒಬ್ಬರು. ಹೆಸರು ಸಿಗದಿದ್ದರೆ ದೇಹದಿಂದ ಶುರುಮಾಡಿ: ದವಡೆ ಬಿಗಿದಿದೆಯೇ, ಎದೆ ಭಾರವಿದೆಯೇ, ಗಂಟಲು ಕಟ್ಟಿದೆಯೇ? ಆಮೇಲೆ ಅದರ ತೀವ್ರತೆಗೆ 0ಯಿಂದ 10ರೊಳಗೆ ಒಂದು ಅಂಕ ಕೊಡಿ. ಎರಡು ವಾರದ ಅಂಕ ನೋಡಿದರೆ ನಿಮ್ಮ ಕಟ್ಟೆ ಎಷ್ಟರ ಮೇಲೆ ಒಡೆಯುತ್ತದೆಂದು ತಿಳಿಯುತ್ತದೆ. 7ಕ್ಕೆ ಒಡೆಯುವವರು 5ರಲ್ಲೇ ಎದ್ದೇಳಬೇಕು.

ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲ ಎಂಬುದು 2 ವಾರ ದಾಟಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೇ ಬೇರೆ ಚಿಕಿತ್ಸೆ ಬೇಕು. ಅದನ್ನು ಹಾಗೇ ಬಿಟ್ಟು ಇಲ್ಲಿನ ಹಂತಗಳನ್ನು ಎಳೆಯುವುದು ಬ್ರೇಕ್ ಹಾಕಿದ ಗಾಡಿ ತಳ್ಳಿದಂತೆ. ಮಾನಸಿಕ ಕಾಯಿಲೆಗಳಿಗೆ ಕೊಡುವ ಮಿರ್ಟಾಜಪೀನ್, ಓಲಾಂಜಪೀನ್‌ನಂಥ ಔಷಧಗಳು ಹಸಿವನ್ನೇ ಹೆಚ್ಚಿಸಬಲ್ಲವು. ಅಂಥದ್ದು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

## ಹಂತ 5: ತುಡಿತದ ಅರ್ಧ ಗಂಟೆ ದಾಟಿಸುವುದು

ತಿನ್ನುವ ತುಡಿತ ಏರುತ್ತಲೇ ಹೋಗಿ ತಲೆ ಸಿಡಿಯುತ್ತದೆ ಎಂದು ಒಳಗಿದ್ದಾಗ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಅದು ಅಲೆಯಂತೆ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಇಳಿಯುವವರೆಗೆ ಬಾಯಿಗೂ ತುಡಿತಕ್ಕೂ ನಡುವೆ ಏನನ್ನಾದರೂ ಇಡಬೇಕು.

ಆಗ ಮಾಡಬಹುದಾದ ಕೆಲಸಗಳ ಪಟ್ಟಿಯನ್ನು ನೆಮ್ಮದಿಯ ಹೊತ್ತಿನಲ್ಲೇ ಬರೆದು ಫ್ರಿಜ್ ಬಾಗಿಲ ಮೇಲಲ್ಲ, ನೋಟ್‌ಬುಕ್ಕಿನ ಹಿಂಬದಿಗೆ ಅಂಟಿಸಿ. 6ರಿಂದ 8 ಸಾಲು ಸಾಕು. ಪ್ರತಿ ಸಾಲೂ ಮೂರು ಪರೀಕ್ಷೆ ಗೆಲ್ಲಬೇಕು: ಮೈ ಅಥವಾ ಕೈ ತೊಡಗಬೇಕು, ಸ್ವಲ್ಪವಾದರೂ ಇಷ್ಟವಾಗಬೇಕು, ರಾತ್ರಿ ಎಂಟಕ್ಕೂ ಮಾಡುವಂತಿರಬೇಕು. ಟಿವಿ ನೋಡುವುದು ಒಂದನೆಯದರಲ್ಲೇ ಬೀಳುತ್ತದೆ, ಕಣ್ಣು ಟಿವಿಯ ಮೇಲಿದ್ದರೂ ಕೈ ಖಾಲಿ. ಪಾತ್ರೆ ತೊಳೆಯುವುದು ಎರಡನೆಯದರಲ್ಲಿ ಬೀಳುತ್ತದೆ, ಮೇಲಾಗಿ ಅದು ಅಡುಗೆಮನೆಯಲ್ಲೇ ನಡೆಯುವ ಕೆಲಸ. ಸ್ನಾನ, ಹೊರಗೆ ಒಂದು ಸುತ್ತು, ಗೆಳೆಯರಿಗೆ ಫೋನ್, ವಾದ್ಯ ನುಡಿಸುವುದು, ಹೊಲಿಗೆ, ಗಿಡಗಳಿಗೆ ನೀರು, ಇಂಥವು ಗೆಲ್ಲುತ್ತವೆ.

ತುಡಿತ ಬಂದಾಗ ಮಾಡುವ ಕ್ರಮ:

1. ಗಂಟೆ ನೋಡಿ ಬರೆಯಿರಿ. "8:12, ತುಡಿತ 7, ಸಿಟ್ಟು."
2. ಅಡುಗೆಮನೆಯಿಂದ ಹೊರಗೆ ಬನ್ನಿ. ಕಾಲು ಮೊದಲು, ಯೋಚನೆ ಆಮೇಲೆ.
3. ಉಸಿರನ್ನು 4 ಎಣಿಸುವಷ್ಟು ಒಳಗೆಳೆದು 6 ಎಣಿಸುವಷ್ಟು ನಿಧಾನ ಬಿಡಿ. 10 ಸಲ.
4. ಪಟ್ಟಿಯ ಮೊದಲ ಸಾಲು ಹಿಡಿಯಿರಿ. 10 ನಿಮಿಷವಾದರೂ ಕದಲದಿದ್ದರೆ ಎರಡನೆಯದು.
5. ಅರ್ಧ ಗಂಟೆಯ ಮೇಲೆ ಅಂಕವನ್ನು ಮತ್ತೆ ಬರೆಯಿರಿ.

ಮುಂದಿನ ಊಟ ಅಥವಾ ತಿಂಡಿಯ ಹೊತ್ತು ಬಂದರೆ ತಿನ್ನಿ. ತುಡಿತವನ್ನು ಸೋಲಿಸಲೆಂದು ಹೊತ್ತಿನ ಊಟ ಬಿಡಬಾರದು. ಈ ಹಂತ ಗಾಯಕ್ಕೆ ಕಟ್ಟಿದ ಬಟ್ಟೆಯಷ್ಟೇ. 5:10ರ "ಹ್ಞೂಂ" ಇನ್ನೂ ಹಾಗೇ ಇದೆ.

## ಹಂತ 6: ಸಂಬಂಧದ ಗಂಟು ಎಲ್ಲಿದೆ ಎಂದು ನೋಡುವುದು (8ನೇ ವಾರದಿಂದ)

ಒಂದು ದೊಡ್ಡ ಹಾಳೆ ತೆಗೆದುಕೊಂಡು ನಿಮ್ಮ ಬದುಕಿನಲ್ಲಿ ಈಗ ಎಣಿಕೆಗೆ ಬರುವ ಜನರ ಹೆಸರು ಬರೆಯಿರಿ. ಹತ್ತಿರವಿರುವವರು, ದೂರವಾದವರು, ಸತ್ತರೂ ಮನಸ್ಸಿನಿಂದ ಹೋಗದವರು. ಪ್ರತಿ ಹೆಸರಿನ ಎದುರು ನಾಲ್ಕು ಸಂಗತಿ: ಎಷ್ಟು ಸಲ ಮಾತಾಡುತ್ತೀರಿ, ಅವರಿಂದ ಏನು ಬಯಸುತ್ತೀರಿ, ಸಿಗುವುದೇನು, ಆ ಬಯಕೆಯನ್ನು ಅವರಿಗೆ ಯಾವತ್ತಾದರೂ ಬಾಯಿಬಿಟ್ಟು ಹೇಳಿದ್ದೀರಾ. ನಾಲ್ಕನೆಯ ಅಂಕಣದಲ್ಲಿ "ಇಲ್ಲ, ಅವರಿಗೇ ಗೊತ್ತಾಗಬೇಕಲ್ಲ" ಎಂಬ ಉತ್ತರ ಎಷ್ಟು ಕಡೆ ಬಂತೆಂದು ಎಣಿಸಿ.

ಆಮೇಲೆ ನೋಟ್‌ಬುಕ್ಕಿನ ನಕ್ಷತ್ರಗಳನ್ನು ಹೆಸರುಗಳ ಮುಂದೆ ಹಾಕುತ್ತಾ ಬನ್ನಿ. ನಕ್ಷತ್ರ ಎಲ್ಲಿ ಗುಂಪುಗೂಡುತ್ತದೋ ಅದೇ ಗಂಟು. ಐಪಿಟಿಯಲ್ಲಿ ಗಂಟುಗಳನ್ನು 4 ಬಗೆಯಾಗಿ ನೋಡುತ್ತಾರೆ.

ವಿರಸ. ಗಂಡ ಹೆಂಡತಿ, ಒಡಹುಟ್ಟಿದವರು, ಮೇಲಧಿಕಾರಿ, ಯಾರೇ ಆಗಲಿ, ಒಬ್ಬರು ಇನ್ನೊಬ್ಬರಿಂದ ಏನು ನಿರೀಕ್ಷಿಸಬೇಕು ಎಂಬಲ್ಲೇ ಒಪ್ಪಿಗೆಯಿಲ್ಲ. ಮೊದಲು ವಿರಸ ಯಾವ ಹದದಲ್ಲಿದೆ ನೋಡಿ. ಇನ್ನೂ ವಾದ ನಡೆಯುತ್ತಿದ್ದರೆ ವಾದದ ರೀತಿ ತಿದ್ದಬೇಕು. ಮಾತು ಬಿಟ್ಟು ಮುನಿಸು ಹೆಪ್ಪುಗಟ್ಟಿದ್ದರೆ ಮೊದಲು ಅದನ್ನು ಕಲಕಬೇಕು, ಹಾಗಾಗಿ ಕೆಲವು ದಿನ ಜಗಳ ಹೆಚ್ಚಾದಂತೆಯೇ ಕಾಣುತ್ತದೆ, ಗಾಬರಿ ಬೇಡ. ಸಂಬಂಧ ಮುಗಿದೇಹೋಗಿದ್ದರೆ ಮಾಡಬೇಕಾದ್ದು ದುಃಖಪಡುವ ಕೆಲಸ, ರಿಪೇರಿಯಲ್ಲ.

ಬದುಕಿನ ತಿರುವು. ಮದುವೆ, ಮಗು, ವಿಚ್ಛೇದನ, ಹೊಸ ಊರು, ನಿವೃತ್ತಿ. ಒಳ್ಳೆಯ ತಿರುವಿನಲ್ಲೂ ಏನೋ ಕೈತಪ್ಪಿರುತ್ತದೆ. ಹಳೆಯದರಲ್ಲಿ ಹೋದದ್ದೇನು, ಹೊಸದರಲ್ಲಿ ಬಾರದಿರುವ ಕೆಲಸವೇನು ಎಂದು ಎರಡು ಪಟ್ಟಿ ಮಾಡಿ.

ಸಾವಿನ ದುಃಖ. ಅಳದೆ ಉಳಿದದ್ದು. ತೀರಿಹೋದವರ ತಿಥಿ, ಹುಟ್ಟುಹಬ್ಬದ ಆಸುಪಾಸಿನಲ್ಲಿ ನಕ್ಷತ್ರಗಳು ಹೆಚ್ಚಿವೆಯೇ ನೋಡಿ.

ಒಂಟಿತನ. ಹಾಳೆಯಲ್ಲಿ ಹೆಸರುಗಳೇ ಕಡಿಮೆ. ಇದು ನಿಧಾನದ ಕೆಲಸ. ವಾರಕ್ಕೆ ಒಂದೇ ಗುರಿ ಇಡಿ, ಉದಾಹರಣೆಗೆ ಹಳೆಯ ಗೆಳೆಯರೊಬ್ಬರಿಗೆ ಒಂದು ಫೋನ್.

ಬಾಣ ಎರಡೂ ಕಡೆಗೆ ಓಡುತ್ತದೆ ಎಂಬುದನ್ನೂ ಗಮನಿಸಿ. ಮುಚ್ಚಿಟ್ಟು ತಿನ್ನುವವರು ಜೊತೆ ಊಟ ತಪ್ಪಿಸುತ್ತಾರೆ, ಸುಳ್ಳು ಹೇಳಬೇಕಾಗುತ್ತದೆ, ಹೊಟ್ಟೆ ಭಾರಕ್ಕೆ ಸಿಡುಕುತ್ತಾರೆ. ಎದುರಿನವರಿಗೆ ಕಾಣುವುದು ದೂರವಾಗುತ್ತಿರುವ ಮನುಷ್ಯ ಮಾತ್ರ. ಅವರೂ ದೂರವಾಗುತ್ತಾರೆ, ಅದು ಮುಂದಿನ ಬಿಂಜ್‌ಗೆ ಕಾರಣವಾಗುತ್ತದೆ.

ಒಂದೇ ಗಂಟು ಆರಿಸಿ. ಹಾಳೆ ನೋಡಿದ ಉತ್ಸಾಹದಲ್ಲಿ ಎಲ್ಲರೊಂದಿಗೂ ಒಂದೇ ವಾರದಲ್ಲಿ ಲೆಕ್ಕ ಚುಕ್ತಾ ಮಾಡಲು ಹೊರಟವರು ಸುಸ್ತಾಗಿ ಎಲ್ಲವನ್ನೂ ಬಿಡುತ್ತಾರೆ.

## ಹಂತ 7: ನುಂಗಿದ ಮಾತನ್ನು ಆಡುವುದು

ಮೊದಲೇ ಒಂದು ಎಚ್ಚರಿಕೆ. ಎದುರಿನವರು ಹೊಡೆಯುವವರು, ಬೆದರಿಸುವವರು, ಹಣ ಅಥವಾ ಓಡಾಟ ಕಟ್ಟಿಹಾಕುವವರಾದರೆ ಈ ಹಂತ ನಿಮಗಲ್ಲ. ಅಲ್ಲಿ ನೇರ ಮಾತು ಅಪಾಯ ತರಬಹುದು. ಸುರಕ್ಷಿತ ಜಾಗ ಮತ್ತು ಹೊರಗಿನ ನೆರವು ಮೊದಲು.

ಉಳಿದವರು, ಕೆಟ್ಟುಹೋದ ಸಂಭಾಷಣೆಯನ್ನು ನಾಟಕದ ಸಾಲುಗಳಂತೆ ಬರೆದುಕೊಳ್ಳಿ. ಅವರ ಮಾತಿನ ಪಕ್ಕದಲ್ಲಿ "ನನಗೆ ಕೇಳಿಸಿದ್ದು", ನಿಮ್ಮ ಮಾತಿನ ಪಕ್ಕದಲ್ಲಿ "ಅವರಿಗೆ ಕೇಳಿಸಿದ್ದು" ಎಂದು ಬರೆಯಿರಿ. ಅಕ್ಕನ ಮಾತು ತಮ್ಮನಿಗೆ "ನೀನು ಸ್ವಾರ್ಥಿ" ಎಂದು ಕೇಳಿಸಿತು. ಅವಳು ಹೇಳಲು ಹೊರಟದ್ದು "ನನಗೆ ಸಾಕಾಗಿದೆ" ಎಂದಿರಬಹುದು. ಅವನ "ಹ್ಞೂಂ" ಅವಳಿಗೆ "ನಿನ್ನ ಕಷ್ಟ ನಿನಗೆ" ಎಂದು ಕೇಳಿಸಿರಬಹುದು.

ಈಗ ಹೊಸ ಸಾಲು ಬರೆಯಿರಿ. ಒಂದೇ ಘಟನೆ, ನಿಮಗೆ ಆದದ್ದು, ನೀವು ಮಾಡಬಲ್ಲದ್ದು, ನಿಮಗೆ ಬೇಕಾದ್ದು:

"ಅಕ್ಕಾ, ಮೊನ್ನೆ ಫೋನಲ್ಲಿ 'ನಿನಗೇನು, ಆರಾಮಾಗಿದ್ದೀಯ' ಅಂದ್ಯಲ್ಲ, ಅದು ಮನಸ್ಸಿಗೆ ನಾಟ್ತು. ಅಮ್ಮನ ಕೆಲಸ ಪೂರ್ತಿ ನಿನ್ನ ಮೇಲೆ ಬಿದ್ದಿದೆ, ಅದು ನನಗೂ ಗೊತ್ತು. ತಿಂಗಳಲ್ಲಿ ಎರಡು ಶನಿವಾರ ನಾನು ಬಂದಿರ್ತೀನಿ. ಏನಾದ್ರೂ ಬೇಕಿದ್ರೆ ನೇರವಾಗಿ ಕೇಳು, ಚುಚ್ಚಬೇಡ."

"ಯಾವಾಗಲೂ", "ಯಾವತ್ತೂ ಇಲ್ಲ" ಎಂಬ ಪದ ನುಸುಳಿದ್ದರೆ ಹೊಡೆದುಹಾಕಿ. ಅವು ಬಂದ ಕೂಡಲೇ ಮಾತು ಹತ್ತು ವರ್ಷ ಹಿಂದಕ್ಕೆ ಓಡುತ್ತದೆ. ಗಟ್ಟಿಯಾಗಿ ಎರಡು ಸಲ ಹೇಳಿ ನೋಡಿ. ಬರೆದದ್ದು ಎಷ್ಟೋ ಸಲ ಬಾಯಲ್ಲಿ ಕಲ್ಲಿನಂತಿರುತ್ತದೆ.

ಹೊತ್ತನ್ನೂ ಆರಿಸಿ. ಇಬ್ಬರಿಗೂ ಹಸಿವಿರಬಾರದು, ಊಟದ ತಟ್ಟೆಯ ಮುಂದೆಯೂ ಬೇಡ, ಮಲಗುವ ಹೊತ್ತೂ ಬೇಡ. "ನಾಳೆ ಬೆಳಗ್ಗೆ ಹತ್ತು ನಿಮಿಷ ಮಾತಾಡೋದಿದೆ" ಎಂದು ಮೊದಲೇ ತಿಳಿಸಿ. ಮೆಸೇಜಿನಲ್ಲಿ ಮುಗಿಸಲು ಹೋಗಬೇಡಿ. ನೋಡಿದ ಗುರುತು ಬಂದು ಉತ್ತರ ಬಾರದ ಒಂದು ಗಂಟೆಯೇ ಹೊಸ ನಕ್ಷತ್ರ ತಂದೀತು.

ಮಾತು ಚೆನ್ನಾಗಿಯೇ ನಡೆದರೂ ಆ ಸಂಜೆ ಅಪಾಯದ್ದು. ನೆಮ್ಮದಿಯೂ ಒಂದು ಬಗೆಯ ಸಡಿಲ. ಆ ದಿನದ ಊಟ, ತಿಂಡಿಯನ್ನು ಹಿಂದಿನ ದಿನವೇ ಬರೆದಿಡಿ, ಸಂಜೆಗೆ 5ನೇ ಹಂತದ ಪಟ್ಟಿಯಿಂದ ಒಂದನ್ನು ಗೊತ್ತುಮಾಡಿ. ಎದುರಿನವರು ಒಪ್ಪದೇ ಇರಬಹುದು. ಮಾತು ಗೆದ್ದಿತೇ ಎಂಬುದಕ್ಕಿಂತ ಅದು ಗಂಟಲಿನಿಂದ ಹೊರಬಂತೇ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ 2 ವಾರದ ನಕ್ಷತ್ರಗಳು ಉಳಿದದ್ದನ್ನು ಹೇಳುತ್ತವೆ.

## ಮನೆಯವರಿಗೆ ಹೇಳುವುದಾದರೆ

ಎಲ್ಲರಿಗೂ ಹೇಳಬೇಕಿಲ್ಲ. ಬಯ್ಯದೆ ಕೇಳುವ ಒಬ್ಬರು ಸಾಕು. "ನನಗೆ ಸಹಾಯ ಮಾಡಿ" ಎಂದಷ್ಟೇ ಹೇಳಿದರೆ ಅವರು ಕಾವಲು ಕೂರುತ್ತಾರೆ, ತಿಂಡಿಯ ಡಬ್ಬಿಗೆ ಬೀಗ ಹಾಕುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಬಿಂಜ್ ಮನೆಯ ಹೊರಗೆ ಹೋಗುತ್ತದೆ, ಇನ್ನಷ್ಟು ಗುಟ್ಟಾಗುತ್ತದೆ. ಆದ್ದರಿಂದ ಖಚಿತವಾಗಿ ಕೇಳಿ: ತಟ್ಟೆ ನೋಡಿ ಮಾತಾಡಬೇಡಿ, ತೂಕದ ಮಾತು ಬೇಡ, ಹೊಗಳಿಕೆಯೂ ಬೇಡ, ರಾತ್ರಿ ಎಂಟರಿಂದ ಒಂಬತ್ತರವರೆಗೆ ಜೊತೆಯಲ್ಲಿ ನಡೆಯಲು ಬನ್ನಿ.

## ಜಾರಿದ ದಿನ

ವಾರಗಟ್ಟಲೆ ಸರಿಹೋಗಿ ಒಂದು ರಾತ್ರಿ ಜಾರುವುದು ಇದರ ನಡೆಯಲ್ಲೇ ಇದೆ. ಮುಂದಿನ ಊಟವನ್ನು ಹೊತ್ತಿಗೆ ತಿನ್ನಿ. ಪುಟ ತುಂಬಿಸಿ. 6 ಗಂಟೆ ಹಿಂದಕ್ಕೆ ಓದಿ. ಅಷ್ಟೇ, ಪ್ರಾಯಶ್ಚಿತ್ತಕ್ಕೆ ಉಪವಾಸ ಬೇಡ, ಎರಡು ಪಟ್ಟು ವ್ಯಾಯಾಮವೂ ಬೇಡ.

ಒಂದು ಜಾರಿಕೆ ಹಳೆಯ ದಾರಿಗೆ ಎಳೆಯುತ್ತಿದೆ ಎಂಬುದಕ್ಕೆ ಗುರುತುಗಳಿವೆ. ಬೆಳಗಿನ ತಿಂಡಿ ಮತ್ತೆ ತಪ್ಪತೊಡಗುತ್ತದೆ. ನೋಟ್‌ಬುಕ್ ಬ್ಯಾಗಿನಿಂದ ಹೊರಬರುವುದಿಲ್ಲ. ತೂಕದ ಯಂತ್ರವನ್ನು ದಿನವೂ ಹತ್ತಲು ಕಾಲು ತುಡಿಯುತ್ತದೆ. ಜೊತೆ ಊಟಕ್ಕೆ ಕರೆದರೆ ನೆಪ ಹೊಳೆಯುತ್ತದೆ. ಎರಡು ಕಂಡರೆ ತಡಮಾಡದೆ 1 ಮತ್ತು 2ನೇ ಹಂತಕ್ಕೆ ಎರಡು ವಾರ ವಾಪಸ್ ಹೋಗಿ.

## ನೆರವು ಪಡೆಯುವ ಹೊತ್ತು

1 ಮತ್ತು 2ನೇ ಹಂತವನ್ನು 4 ವಾರ ಸರಿಯಾಗಿ ಮಾಡಿಯೂ ನಕ್ಷತ್ರಗಳು ಕಡಿಮೆಯಾಗದಿದ್ದರೆ ಒಬ್ಬರೇ ಎಳೆಯಬೇಡಿ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿಯೂ ಇದೇ ಲೆಕ್ಕ ಇಡುತ್ತದೆ. ಮೊದಲು ತಜ್ಞರ ಚುಟುಕು ಮೇಲ್ವಿಚಾರಣೆಯೊಂದಿಗೆ ಸ್ವಸಹಾಯ, 4 ವಾರದಲ್ಲಿ ಫಲ ಕಾಣದಿದ್ದರೆ ಗುಂಪಿನಲ್ಲಿ ಸಿಬಿಟಿ, ವಾರಕ್ಕೊಂದರಂತೆ 90 ನಿಮಿಷದ 16 ಭೇಟಿ.

ಮೊದಲ ಭೇಟಿಗೆ ಹೋಗುವಾಗ ನೋಟ್‌ಬುಕ್ ಕೊಂಡೊಯ್ಯಿರಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಎರಡು ವಾರದ ಪುಟಗಳನ್ನು ಮುಂದಿಡಿ. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧದ ಪಟ್ಟಿ ಇರಲಿ. ವಾಂತಿ ಮಾಡಿಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಲೇಬೇಡಿ. ಬುಪ್ರೊಪಿಯಾನ್ ಎಂಬ ಖಿನ್ನತೆಯ ಔಷಧವನ್ನು ಬುಲಿಮಿಯಾ (ಬಿಂಜ್ ಮಾಡಿ, ಆಮೇಲೆ ವಾಂತಿ, ಭೇದಿ ಮಾತ್ರೆಯಂಥದ್ದರಿಂದ ಅದನ್ನು ಸರಿದೂಗಿಸಲು ಹೊರಡುವ ಕಾಯಿಲೆ) ಇರುವವರಿಗೆ ಕೊಡುವಂತಿಲ್ಲ, ಫಿಟ್ಸ್ ಬರುವ ಅಪಾಯ ಹೆಚ್ಚು. "ತೂಕ ಇಳಿಸಿ, ಎಲ್ಲ ಸರಿಹೋಗುತ್ತೆ" ಎಂದು ಡಯಟ್ ಚೀಟಿ ಬರೆದುಕೊಟ್ಟು ಕಳಿಸಿದರೆ, "ನನಗೆ ಹಿಡಿತ ತಪ್ಪಿ ತಿನ್ನುವ ತೊಂದರೆಯಿದೆ, ವಾರಕ್ಕೆ ಇಷ್ಟು ಸಲ, ಇಷ್ಟು ತಿಂಗಳಿಂದ" ಎಂದು ಅಂಕಿಯಲ್ಲೇ ಹೇಳಿ, ಮನೋವೈದ್ಯರಿಗೆ ಅಥವಾ ಮನಃಶಾಸ್ತ್ರಜ್ಞರಿಗೆ ರೆಫರಲ್ ಚೀಟಿ ಕೇಳಿ ಪಡೆಯಿರಿ.